ಯಂತ್ರದ ಕೀಲಿ ಯಾರ ಕೈಯಲ್ಲಿ? ಪಹಣಿಯ ಪ್ರಿಂಟರ್‌ನಿಂದ ಮೇನ್‌ಫ್ರೇಮ್ ಟೇಪಿನವರೆಗೆ ಡ್ರೈವರ್ ವಿವಾದ

ಕೊಪ್ಪಳ: ಯಲಬುರ್ಗಾ ಅಥವಾ ಕುಷ್ಟಗಿಯ ತಾಲ್ಲೂಕು ಕಚೇರಿಗೆ ಬರುವ ರೈತ ಸರ್ವೆ ನಂಬರ್ ಹೇಳಿ, ಶುಲ್ಕ ತೆತ್ತು, ಪಹಣಿ ಪಡೆದು ಹೊರಡುತ್ತಾನೆ. ಕೆಲವೇ ನಿಮಿಷಗಳ ಈ ಕೆಲಸದಲ್ಲಿ ಗಣಕಯಂತ್ರ, ದತ್ತಾಂಶ ಸಂಗ್ರಹ, ಜಾಲ ಸಂಪರ್ಕ, ಪ್ರಿಂಟರ್ ಇವೆಲ್ಲ ಪರಸ್ಪರ ಮಾತನಾಡಬೇಕು. ಅವುಗಳ ನಡುವೆ ದುಭಾಷಿಯಂತೆ ನಿಲ್ಲುವ ಪುಟ್ಟ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಅದು ಕೆಲಸ ಮಾಡುತ್ತಿರುವವರೆಗೆ ಅದರ ಇರವೇ ಯಾರಿಗೂ ತಿಳಿಯದು. ಕೆಟ್ಟ ದಿನ ಮಾತ್ರ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ.

ಈ ದುಭಾಷಿಯ ಒಳಗುಟ್ಟು ಕೊಂಡವರಿಗೂ ತಿಳಿದಿರಬೇಕೇ, ಅಥವಾ ಯಂತ್ರ ಮಾರಿದ ಕಂಪನಿಯ ಬಳಿಯಷ್ಟೇ ಇದ್ದರೆ ಸಾಕೇ ಎಂಬುದು ಗಣಕಲೋಕದ ಹಳೆಯ ಜಗಳ. ಅದರ ಅತ್ಯಂತ ಸ್ಪಷ್ಟ ಅಧ್ಯಾಯ ನಡೆದದ್ದು ಮೇನ್‌ಫ್ರೇಮ್ ಎಂಬ ದೈತ್ಯ ಗಣಕಗಳ ಲೋಕದಲ್ಲಿ, ಅದರಲ್ಲೂ ಅವುಗಳ ಡಿಸ್ಕ್, ಟೇಪು ಮತ್ತು ಜಾಲ ಸಾಧನಗಳ ಸುತ್ತ. ಕೊಪ್ಪಳದ ತಾಲ್ಲೂಕು ಕಚೇರಿಗಳಲ್ಲಿ ಮೇನ್‌ಫ್ರೇಮ್ ಇಲ್ಲ. ಆದರೆ ಜಗಳದ ತಿರುಳು ಇಲ್ಲಿನ ಪ್ರಿಂಟರಿನ ಬಾಲಕ್ಕೂ ಕಟ್ಟಿಕೊಂಡಿದೆ.

ಪಹಣಿ ಪರದೆಗೆ ಬಂದ ಬಗೆ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದಕ್ಕೆ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕುಗಳು. ಕನಕಗಿರಿ, ಕಾರಟಗಿ, ಕುಕನೂರು ನಂತರ ಸೇರಿದವು. ಜಿಲ್ಲೆ ಹುಟ್ಟಿದ ಬೆನ್ನಿಗೇ ಭೂಮಿ ಯೋಜನೆಯೂ ಬಂತು. ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಈ ಯೋಜನೆಯ ತಂತ್ರಾಂಶವನ್ನು ರೂಪಿಸಿದ್ದು ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಸುಮಾರು 67 ಲಕ್ಷ ರೈತರ ಹಿಡುವಳಿಯ ವಿವರ ಅದರೊಳಗೆ ಸೇರಿತು. ಆರಂಭದಲ್ಲಿ ಪಹಣಿಯೊಂದಕ್ಕೆ 15 ರೂಪಾಯಿ ಶುಲ್ಕ ನಿಗದಿಯಾಗಿತ್ತು. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವಾಯಿತು.

ಕೊನೆಯ ಈ ಅಂಶವೇ ಇಲ್ಲಿ ಮುಖ್ಯ. ಅಲ್ಲಿಯವರೆಗೆ ಗಣಕ ಕೆಟ್ಟರೆ ಗ್ರಾಮ ಲೆಕ್ಕಿಗರ ಪುಸ್ತಕವಿತ್ತು. ಆ ನಂತರ ಗಣಕದೊಳಗಿನ ದಾಖಲೆಯೇ ದಾಖಲೆ. ಖಾತೆ ಬದಲಾವಣೆ ಮಾಡುವ ಸಿಬ್ಬಂದಿಯ ಗುರುತನ್ನು ಖಚಿತಪಡಿಸಲು ಬೆರಳಚ್ಚು ಓದುವ ಸಾಧನವನ್ನೂ ಭೂಮಿ ಯೋಜನೆ ಬಳಸಿತು. ಯಾರು ಯಾವ ಬದಲಾವಣೆ ಮಾಡಿದರೆಂಬುದನ್ನು ಆಮೇಲೆ ಅಲ್ಲಗಳೆಯುವಂತಿರಬಾರದು ಎಂಬುದು ಉದ್ದೇಶ. ಉತ್ತಮ ವ್ಯವಸ್ಥೆಯೇ ಹೌದು. ಆದರೆ ಬೆರಳಚ್ಚು ಸಾಧನಕ್ಕೂ ಡ್ರೈವರ್ ಬೇಕು. ಜಗತ್ತಿನ ಬಹುತೇಕ ಬೆರಳಚ್ಚು ಸಾಧನಗಳ ಡ್ರೈವರ್ ಬರುವುದು ಬೈನರಿ ರೂಪದಲ್ಲಿ, ಅಂದರೆ ಯಂತ್ರ ಓದಬಲ್ಲ, ಮನುಷ್ಯ ಓದಲಾಗದ ಅಂಕಿಗಳ ರೂಪದಲ್ಲಿ.

ತಹಶೀಲ್ದಾರರ ಚೀಟಿ

ಡ್ರೈವರ್ ಮಾಡುವ ಕೆಲಸವನ್ನು ತಾಲ್ಲೂಕು ಕಚೇರಿಯ ಅಭಿಲೇಖಾಲಯದ ಮೂಲಕವೇ ತಿಳಿಯಬಹುದು. ತಹಶೀಲ್ದಾರರು ಸ್ವತಃ ರೆಕಾರ್ಡ್ ರೂಮಿಗೆ ಹೋಗಿ ಕಡತ ಹುಡುಕುವುದಿಲ್ಲ. ಇಂಥ ಗ್ರಾಮ, ಇಂಥ ವರ್ಷ, ಇಂಥ ಸರ್ವೆ ನಂಬರ್ ಎಂದು ಚೀಟಿ ಬರೆದು ಕಳಿಸುತ್ತಾರೆ. ಒಳಗಿರುವ ಸಿಬ್ಬಂದಿಗೆ ಯಾವ ಕಪಾಟು, ಯಾವ ಕಟ್ಟು ಎಂಬುದು ಗೊತ್ತು. ಚೀಟಿಯನ್ನು ಅವರಿಗೆ ಅರ್ಥವಾಗುವ ಕ್ರಮದಲ್ಲಿ ಬರೆಯದಿದ್ದರೆ ಕಡತ ಬರುವುದಿಲ್ಲ.

ಐಬಿಎಂ ಮೇನ್‌ಫ್ರೇಮಿನಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಮುಖ್ಯ ಸಂಸ್ಕಾರಕ ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ. ಆದೇಶಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಚಾನೆಲ್ ಎಂಬ ಪ್ರತ್ಯೇಕ ಘಟಕಕ್ಕೆ ಒಪ್ಪಿಸಿ ತನ್ನ ಬೇರೆ ಕೆಲಸಕ್ಕೆ ತೊಡಗುತ್ತದೆ. ಡಿಸ್ಕಿನ ಇಂತಿಷ್ಟು ಭಾಗವನ್ನು ಮಾತ್ರ ಮುಟ್ಟು, ಇಂಥ ಟ್ರ್ಯಾಕಿಗೆ ಹೋಗು, ಇಷ್ಟು ಓದು ಎಂಬಂಥ ಆದೇಶಗಳು ಅದರಲ್ಲಿರುತ್ತವೆ. ಈ ಪಟ್ಟಿಯನ್ನು ಬರೆಯುವುದೇ ಡ್ರೈವರಿನ ಹೊಣೆ. ಐಬಿಎಂನ 3390 ಡಿಸ್ಕ್ ಮಾದರಿಯಲ್ಲಿ ಒಂದು ಸಿಲಿಂಡರಿಗೆ 15 ಟ್ರ್ಯಾಕು, ಒಂದು ಟ್ರ್ಯಾಕಿನಲ್ಲಿ ಗರಿಷ್ಠ 56,664 ಬೈಟು. ಇಂದಿನ ಸಂಗ್ರಹ ಪೆಟ್ಟಿಗೆಗಳೊಳಗೆ ಆ ಹಳೆಯ ತಟ್ಟೆಗಳು ಉಳಿದಿಲ್ಲ, ಆದರೂ ಅವು ಹೊರಗಿನ ಲೋಕಕ್ಕೆ ತಾವು 3390 ಎಂದೇ ಹೇಳಿಕೊಳ್ಳುತ್ತವೆ. ಚೀಟಿಯ ಭಾಷೆ ಯಂತ್ರಕ್ಕಿಂತ ದೀರ್ಘಾಯು.

ಚೀಟಿಯಲ್ಲಿ ಒಂದು ಅಂಕಿ ತಪ್ಪಿದರೆ ಬೇರೊಬ್ಬರ ಕಡತದ ಮೇಲೆ ಬರೆದಂತಾಗುತ್ತದೆ. ಸಂಗ್ರಹ ಸಾಧನದ ಡ್ರೈವರ್ ಕುರಿತ ವಾದ ಇತರ ಡ್ರೈವರುಗಳ ವಾದಕ್ಕಿಂತ ಕಾವೇರುವುದು ಇದೇ ಕಾರಣಕ್ಕೆ. ಧ್ವನಿ ಸಾಧನದ ಡ್ರೈವರ್ ಕೆಟ್ಟರೆ ಹಾಡು ನಿಲ್ಲುತ್ತದೆ. ಡಿಸ್ಕಿನ ಡ್ರೈವರ್ ಕೆಟ್ಟರೆ ಲೆಕ್ಕವೇ ಅಳಿದುಹೋದೀತು.

ತೆರೆದಿದ್ದ ಬಾಗಿಲು ಮುಚ್ಚಿದ್ದು

ಅಚ್ಚರಿಯೆಂದರೆ ಮೇನ್‌ಫ್ರೇಮ್ ಲೋಕ ಆರಂಭವಾದದ್ದು ತೆರೆದ ಬಾಗಿಲಿನಿಂದ. 1960ರ ದಶಕದಲ್ಲಿ ಯಂತ್ರ ಕೊಂಡವರಿಗೆ ತಂತ್ರಾಂಶ ಅದರೊಂದಿಗೇ ಬರುತ್ತಿತ್ತು, ಸೋರ್ಸ್ ಕೋಡ್ ಎಂದು ಕರೆಯುವ ಆಕರ ಸಂಕೇತವೂ ದೊರೆಯುತ್ತಿತ್ತು. ಗ್ರಾಹಕರು ಅದನ್ನು ತಿದ್ದಿ, ತಮ್ಮ ತಿದ್ದುಪಡಿಯನ್ನು ಇತರರಿಗೂ ಹಂಚುತ್ತಿದ್ದರು. 1955ರಲ್ಲಿ ಹುಟ್ಟಿದ ಷೇರ್ ಎಂಬ ಬಳಕೆದಾರರ ಸಂಘದ ಹೆಸರೇ ಅದರ ಕೆಲಸವನ್ನು ಹೇಳುತ್ತದೆ. 1969ರಲ್ಲಿ ಐಬಿಎಂ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಪ್ರಕಟಿಸಿತು. 1983ರ ಫೆಬ್ರುವರಿಯಲ್ಲಿ ಇನ್ನೂ ಮುಂದೆ ಹೋಗಿ, ಇನ್ನು ಮೇಲೆ ಹೊಸ ತಂತ್ರಾಂಶವನ್ನು ಯಂತ್ರರೂಪದಲ್ಲಿ ಮಾತ್ರ ಕೊಡುವ ನೀತಿಯನ್ನು ಘೋಷಿಸಿತು. ಆಬ್ಜೆಕ್ಟ್ ಕೋಡ್ ಓನ್ಲಿ ಎಂಬ ಮೂರು ಪದಗಳ ಮೊದಲಕ್ಷರ ಸೇರಿಸಿ ಅದನ್ನು ಒಸಿಒ ಎಂದು ಕರೆಯಲಾಯಿತು. ಷೇರ್ ಸಂಘ ವರ್ಷಗಟ್ಟಲೆ ಪ್ರತಿಭಟಿಸಿತು. ನೀತಿ ಬದಲಾಗಲಿಲ್ಲ.

ಬಾಗಿಲು ಮುಚ್ಚುವ ಮುನ್ನವೇ ಭಾರತ ಒಂದು ಪಾಠ ಕಲಿತಿತ್ತು. 1970ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರ ಆರಂಭವಾದದ್ದು ಐಬಿಎಂ 360/44 ಯಂತ್ರದಿಂದ. ದೇಶದ ಹಲವು ಸಂಸ್ಥೆಗಳಲ್ಲಿ ಐಬಿಎಂ ಯಂತ್ರಗಳಿದ್ದವು. ವಿದೇಶಿ ಬಂಡವಾಳದ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂಬ ಕಾನೂನಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತ ಬಿಟ್ಟಿತು. ಯಂತ್ರಗಳು ಇಲ್ಲೇ ಉಳಿದವು. ಅವುಗಳ ನಿರ್ವಹಣೆಯ ಹೊಣೆ ಸರ್ಕಾರಿ ಸ್ವಾಮ್ಯದ ಸಿಎಂಸಿ ಸಂಸ್ಥೆಗೆ ಬಂತು. ತಯಾರಕರು ಊರು ಬಿಟ್ಟ ಮೇಲೂ ಯಂತ್ರ ನಡೆಸಬೇಕಾದ ಪರಿಸ್ಥಿತಿ ಕಾಲ್ಪನಿಕವಲ್ಲ, ಈ ದೇಶ ಅದನ್ನು ನಿಜವಾಗಿ ಅನುಭವಿಸಿದೆ. ಕೈಪಿಡಿ, ನಕ್ಷೆ, ಆಕರ ಸಂಕೇತ ಇವು ಗ್ರಾಹಕರ ಕಪಾಟಿನಲ್ಲಿ ಇರಬಹುದಾದ ಕಾಲ ಅದು ಎಂಬುದೇ ಸಮಾಧಾನ. ಅದೇ ಘಟನೆ ಹತ್ತು ವರ್ಷ ತಡವಾಗಿದ್ದರೆ ಸಂಗತಿ ಬೇರೆಯೇ ಆಗುತ್ತಿತ್ತು ಎನ್ನಬಹುದು.

ಇದೇ ವೇಳೆಗೆ ಯುರೋಪಿನಲ್ಲಿ ಇನ್ನೊಂದು ದಾರಿ ಕಂಡಿತು. ಐಬಿಎಂ ಯಂತ್ರಕ್ಕೆ ಹೊಂದುವ ಡಿಸ್ಕ್, ಟೇಪು ತಯಾರಿಸುವ ಪ್ರತಿಸ್ಪರ್ಧಿಗಳಿಗೆ ಸಂಪರ್ಕದ ವಿವರ ಸಿಗುತ್ತಿಲ್ಲವೆಂಬ ದೂರನ್ನು ಯುರೋಪಿಯನ್ ಆಯೋಗ ಕೈಗೆತ್ತಿಕೊಂಡಿತು. 1984ರಲ್ಲಿ ಐಬಿಎಂ, ಸಿಸ್ಟಂ/370 ಯಂತ್ರಗಳ ಸಂಪರ್ಕ ವಿವರಗಳನ್ನು ನಿಗದಿತ ಅವಧಿಯೊಳಗೆ ಬಹಿರಂಗಪಡಿಸುವ ಮುಚ್ಚಳಿಕೆ ಕೊಟ್ಟಿತು. ಇಲ್ಲಿ ಕೇಳಿದ್ದು ತಂತ್ರಾಂಶವನ್ನಲ್ಲ, ಚೀಟಿ ಬರೆಯುವ ಕ್ರಮವನ್ನು ಮಾತ್ರ. ಮುಕ್ತ ತಂತ್ರಾಂಶದ ಚರ್ಚೆಯಲ್ಲಿ ಈ ವ್ಯತ್ಯಾಸ ಅನೇಕ ಸಲ ಮರೆತುಹೋಗುತ್ತದೆ. ವಿವರಣೆಯಿಲ್ಲದೆ, ಬರೀ ನಿಗೂಢ ಅಂಕಿಗಳಿಂದ ತುಂಬಿದ ಆಕರ ಸಂಕೇತ ಕೊಟ್ಟರೆ ಪ್ರಯೋಜನ ಅಷ್ಟಕ್ಕಷ್ಟೆ. ಸರಿಯಾದ ವಿವರಣೆಯಿದ್ದರೆ ಡ್ರೈವರನ್ನು ಬೇರೆಯವರೂ ಬರೆಯಬಲ್ಲರು.

ಲಿನಕ್ಸ್ ಬಂತು, ಅರ್ಧ ಬಾಗಿಲು ತೆರೆಯಿತು

1999ರ ಡಿಸೆಂಬರಿನಲ್ಲಿ ಐಬಿಎಂ ತನ್ನ ಎಸ್/390 ಮೇನ್‌ಫ್ರೇಮಿನಲ್ಲಿ ಲಿನಕ್ಸ್ ನಡೆಸಲು ಬೇಕಾದ ತಿದ್ದುಪಡಿಗಳನ್ನು ಪ್ರಕಟಿಸಿತು. ಕೆಲಸ ನಡೆದದ್ದು ಜರ್ಮನಿಯ ಬೋಬ್ಲಿಂಗೆನ್ ಪ್ರಯೋಗಾಲಯದಲ್ಲಿ. ಡಿಸ್ಕಿನ ಡ್ರೈವರ್ ಆಕರ ಸಂಕೇತ ಸಹಿತ ಬಂತು. ಜಾಲ ಸಾಧನದ ಕೆಲವು ಡ್ರೈವರುಗಳೂ 3590 ಟೇಪಿನ ಡ್ರೈವರೂ ಹಾಗೆ ಬರಲಿಲ್ಲ. ಅವು ಹಳೆಯ ಒಸಿಒ ಹೆಸರಿನಲ್ಲೇ, ಯಂತ್ರರೂಪದಲ್ಲಿ ಮಾತ್ರ ದೊರೆತವು. ಮನೆಯ ಬಾಗಿಲು ತೆರೆದು ಒಳಕೋಣೆಗೆ ಬೀಗ ಹಾಕಿದಂತಾಯಿತು.

ತೊಂದರೆ ಬೇಗನೆ ಕಾಣಿಸಿತು. ಲಿನಕ್ಸಿನ ಕೇಂದ್ರಭಾಗವಾದ ಕರ್ನೆಲ್ ಪದೇ ಪದೇ ಬದಲಾಗುತ್ತದೆ, ಅದರ ಒಳಗಿನ ಸಂಪರ್ಕ ಕ್ರಮ ಶಾಶ್ವತವೆಂದು ಅದನ್ನು ಕಟ್ಟುವವರು ಎಂದೂ ಮಾತು ಕೊಟ್ಟಿಲ್ಲ. ಆಕರ ಸಂಕೇತವಿರುವ ಡ್ರೈವರನ್ನು ಹೊಸ ಕರ್ನೆಲಿಗೆ ತಕ್ಕಂತೆ ಮತ್ತೆ ಕಟ್ಟಿಕೊಳ್ಳಬಹುದು. ಬೈನರಿ ಡ್ರೈವರ್ ಒಂದು ನಿರ್ದಿಷ್ಟ ಆವೃತ್ತಿಗೆ ಮಾತ್ರ ಹೊಂದುತ್ತದೆ. ಪರಿಣಾಮವಾಗಿ, ಭದ್ರತೆಯ ದೋಷವೊಂದು ಬಯಲಾಗಿ ಅದರ ಪರಿಹಾರ ಅದೇ ದಿನ ಸಿಕ್ಕರೂ, ಅದಕ್ಕೆ ಹೊಂದುವ ಬೈನರಿ ಬರುವವರೆಗೆ ಬ್ಯಾಂಕಿನ ಗಣಕ ಸಿಬ್ಬಂದಿ ಕೈಕಟ್ಟಿ ಕೂರಬೇಕು. ಕೋಟಿಗಟ್ಟಲೆ ಬೆಲೆಯ ಯಂತ್ರದ ಒಡೆಯರು ಒಂದು ಪುಟ್ಟ ಕಡತಕ್ಕಾಗಿ ಕಾಯಬೇಕಾದ ಪರಿಸ್ಥಿತಿ.

ಇನ್ನೊಂದು ಪೇಚು ದೋಷ ಹುಡುಕುವಾಗಿನದು. 2001ರಿಂದ ಲಿನಕ್ಸ್ ಕರ್ನೆಲ್, ಮುಚ್ಚಿದ ಡ್ರೈವರ್ ಒಳಗೆ ಬಂದ ಕೂಡಲೇ ತನ್ನ ಮೇಲೊಂದು ಗುರುತು ಹಾಕಿಕೊಳ್ಳುತ್ತದೆ. ಕಳಂಕಿತ ಎಂಬರ್ಥದ ಟೇಂಟೆಡ್ ಎಂಬ ಪದ ಅದಕ್ಕಿದೆ. ಆ ಗುರುತಿರುವ ಯಂತ್ರ ಕುಸಿದರೆ ಸಮುದಾಯದ ತಜ್ಞರು ಸಾಮಾನ್ಯವಾಗಿ ತನಿಖೆಗೆ ಒಪ್ಪುವುದಿಲ್ಲ. ತಪ್ಪು ಮುಚ್ಚಿದ ಪೆಟ್ಟಿಗೆಯೊಳಗೆ ಇರಬಹುದಾದರೆ ಹುಡುಕುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ಡ್ರೈವರ್ ಕೊಟ್ಟವರು ಕರ್ನೆಲ್ ಕಡೆ, ಕರ್ನೆಲಿನವರು ಡ್ರೈವರ್ ಕಡೆ ಬೆರಳು ತೋರಿಸುತ್ತಾರೆ. ಎರಡು ಇಲಾಖೆಗಳ ನಡುವೆ ಸಿಕ್ಕ ಅರ್ಜಿದಾರರಿಗೆ ಈ ಸ್ಥಿತಿ ಅಪರಿಚಿತವೇನಲ್ಲ.

ಒತ್ತಡ ಫಲ ಕೊಟ್ಟಿತು. 2003ರಲ್ಲಿ ಜಾಲ ಸಾಧನದ ಡ್ರೈವರುಗಳ ಆಕರ ಸಂಕೇತ ಹೊರಬಂತು. 3590 ಟೇಪಿನ ಡ್ರೈವರ್ 2006ರಲ್ಲಿ ಕರ್ನೆಲಿನ ಭಾಗವಾಯಿತು. 3590 ಮಾರುಕಟ್ಟೆಗೆ ಬಂದದ್ದು 1995ರಲ್ಲಿ. ಅಂದರೆ ಯಂತ್ರಕ್ಕೆ ಹನ್ನೊಂದು ವರ್ಷ ತುಂಬುವ ಹೊತ್ತಿಗೆ. 2008ರಲ್ಲಿ ನೂರಕ್ಕೂ ಹೆಚ್ಚು ಕರ್ನೆಲ್ ತಂತ್ರಜ್ಞರು ಸಹಿ ಹಾಕಿದ ಹೇಳಿಕೆ, ಮುಚ್ಚಿದ ಡ್ರೈವರುಗಳು ಬಳಕೆದಾರರಿಗೂ ಉದ್ಯಮಕ್ಕೂ ಹಾನಿಕರವೆಂದು ಸಾರಿತು.

ಕಂಪನಿಗಳ ವಾದ

ಮುಚ್ಚಿಡುವವರ ವಾದವೆಲ್ಲ ಹುಸಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಡ್ರೈವರನ್ನು ಓದಿದರೆ ಯಂತ್ರದ ಒಳರಚನೆಯ ಸುಳಿವು ಪ್ರತಿಸ್ಪರ್ಧಿಗೆ ಸಿಗುತ್ತದೆ ಎಂಬುದು ನಿಜ. ಅದರೊಳಗೆ ಬೇರೆ ಕಂಪನಿಯಿಂದ ಪರವಾನಗಿ ಪಡೆದ ಭಾಗಗಳಿದ್ದರೆ ಬಹಿರಂಗಪಡಿಸುವ ಹಕ್ಕೇ ಇರುವುದಿಲ್ಲ. ಗ್ರಾಹಕರು ತಿದ್ದಿದ ಡ್ರೈವರಿನಿಂದ ದತ್ತಾಂಶ ಹಾಳಾದರೆ ಹೊಣೆ ಯಾರದೆಂಬ ಪ್ರಶ್ನೆಯೂ ಇದೆ, ಸಂಗ್ರಹ ಸಾಧನದ ಮಟ್ಟಿಗೆ ಅದು ಸಣ್ಣದಲ್ಲ. ಆದರೆ ಈ ಕೊನೆಯ ಭಯಕ್ಕೆ ಆಕರ ಸಂಕೇತ ಮುಚ್ಚಿಡುವುದೊಂದೇ ಮದ್ದಲ್ಲ. ತಾನು ಪರೀಕ್ಷಿಸಿದ ಆವೃತ್ತಿಗೆ ಮಾತ್ರ ಖಾತರಿ ಎಂದು ಕರಾರಿನಲ್ಲಿ ಬರೆದರೆ ಸಾಕು. ಇಂದು ಲಿನಕ್ಸ್ ಮಾರುವ ಸಂಸ್ಥೆಗಳು ಮಾಡುತ್ತಿರುವುದೂ ಅದನ್ನೇ.

ತೆರೆದದ್ದೆಲ್ಲ ಪೂರ್ತಿ ತೆರೆದದ್ದಲ್ಲ ಎಂಬುದನ್ನೂ ಗಮನಿಸಬೇಕು. ಎನ್‌ವಿಡಿಯಾ ಕಂಪನಿ 2022ರಲ್ಲಿ ತನ್ನ ಗ್ರಾಫಿಕ್ಸ್ ಸಾಧನದ ಕರ್ನೆಲ್ ಡ್ರೈವರನ್ನು ಬಹಿರಂಗಪಡಿಸಿದಾಗ ದೊಡ್ಡ ಸುದ್ದಿಯಾಯಿತು. ಆದರೆ ಹಳೆಯ ಡ್ರೈವರ್ ಮಾಡುತ್ತಿದ್ದ ಕೆಲಸದ ದೊಡ್ಡ ಭಾಗ ಸಾಧನದೊಳಗಿನ ಫರ್ಮ್‌ವೇರ್‌ಗೆ ಸರಿದಿತ್ತು, ಅದು ಮುಚ್ಚಿದ್ದೇ. ಮೇನ್‌ಫ್ರೇಮಿನ ಸಂಗ್ರಹ ಪೆಟ್ಟಿಗೆಗಳೂ ಹೀಗೆಯೇ. ಚೀಟಿಯ ಭಾಷೆ ಬಹಿರಂಗ, ಒಳಗಿನ ಸಿಬ್ಬಂದಿ ಕಡತವನ್ನು ಎಲ್ಲಿಡುತ್ತಾರೆಂಬುದು ಗುಪ್ತ.

ಉರ್ದು ದಾಖಲೆ ಮತ್ತು 19ನೇ ಗೇಟು

ಕೀಲಿ ಕಳೆದುಕೊಂಡ ದಾಖಲೆಯೆಂದರೆ ಏನೆಂಬುದನ್ನು ಕೊಪ್ಪಳಕ್ಕೆ ಯಾರೂ ವಿವರಿಸಬೇಕಿಲ್ಲ. 1948ರವರೆಗೆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಈ ಸೀಮೆಯಲ್ಲಿ ಆಡಳಿತದ ಭಾಷೆ ಉರ್ದು. ಕೊಪ್ಪಳ, ಯಲಬುರ್ಗಾ ಪ್ರದೇಶಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಆ ಕಾಲದ ಜಮೀನಿನ ಕಾಗದ ಕುಟುಂಬದ ಪೆಟ್ಟಿಗೆಯಲ್ಲೋ ಕಚೇರಿಯ ಕಟ್ಟಿನಲ್ಲೋ ಸುರಕ್ಷಿತವಾಗಿದ್ದರೂ, ವ್ಯಾಜ್ಯ ಎದ್ದಾಗ ಓದಿ ಹೇಳುವವರನ್ನು ಹುಡುಕಬೇಕು. ಓದಿದವರು ಹೇಳಿದ್ದೇ ಸರಿಯೆಂದು ನಂಬಬೇಕು. ಕಾಗದ ಉಳಿಯುವುದು ಬೇರೆ, ಅದನ್ನು ಓದುವ ಶಕ್ತಿ ಉಳಿಯುವುದು ಬೇರೆ. ಆದರೂ ಒಂದು ಅನುಕೂಲವಿದೆ: ಉರ್ದು ಯಾವ ಕಂಪನಿಯ ಸ್ವತ್ತೂ ಅಲ್ಲ, ಬೇಕೆಂದವರು ಕಲಿಯಬಹುದು. ಹಳೆಯ ಟೇಪಿನ ಮುಚ್ಚಿದ ಡ್ರೈವರಿಗೆ ಆ ಮಾತು ಅನ್ವಯಿಸದು.

ಕನ್ನಡ ಪತ್ರಿಕೆಗಳೂ ಇದರ ರುಚಿ ಕಂಡಿವೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಶ್ರೀಲಿಪಿ, ನುಡಿ ಮುಂತಾದವುಗಳ ಅಂದಿನ ಫಾಂಟುಗಳಲ್ಲಿ ಅಚ್ಚುಮೊಳೆ ಜೋಡಿಸಿದ ಕಡತಗಳನ್ನು ಇಂದು ತೆರೆದರೆ, ಆ ಫಾಂಟು ಇಲ್ಲದ ಗಣಕದಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಪರಿವರ್ತಕ ತಂತ್ರಾಂಶಗಳು ಸಿದ್ಧವಾದದ್ದು ಯಾವ ಅಂಕಿ ಯಾವ ಅಕ್ಷರಕ್ಕೆ ಎಂಬ ಪಟ್ಟಿ ಕೈಗೆ ಸಿಕ್ಕ ಮೇಲೆಯೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಗಂಗಾವತಿಯ ಭತ್ತದ ರೈತರ ಎದೆ ಒಡೆದಿತ್ತು. ಏಳು ದಶಕ ಹಳೆಯ ಅಣೆಕಟ್ಟೆ, 60 ಅಡಿ ಅಗಲ, 20 ಅಡಿ ಎತ್ತರದ ಗೇಟು. ಎಂಜಿನಿಯರುಗಳು ತಡೆಫಲಕಗಳನ್ನು ಹೊಸದಾಗಿ ತಯಾರಿಸಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಹರಿವನ್ನು ತಡೆದರು. ಆ ಕಂಡಿಯ ಅಳತೆ ಯಾವುದೋ ಕಂಪನಿಯ ವ್ಯಾಪಾರ ರಹಸ್ಯವಾಗಿರಲಿಲ್ಲ. ಯಾವ ಕಾರ್ಖಾನೆ ಬೇಕಾದರೂ ಉಕ್ಕು ಕತ್ತರಿಸಿ ಫಲಕ ಮಾಡಿಕೊಡಬಹುದಿತ್ತು. ಸಾರ್ವಜನಿಕ ದಾಖಲೆ ಹೊತ್ತ ಯಂತ್ರಕ್ಕೂ ಇಷ್ಟು ಅನುಕೂಲ ಇರಬೇಕೆನ್ನುವುದು ದುರಾಸೆಯೇನಲ್ಲ.

ಮೇಜಿನ ಮೇಲಿನ ಪ್ರಿಂಟರ್

ದೊಡ್ಡ ಯಂತ್ರದ ಕಥೆ ಸಣ್ಣ ಯಂತ್ರದಲ್ಲಿ ಇನ್ನೂ ಮುಗಿದಿಲ್ಲ. ಭಾರತದ ಕಚೇರಿ ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ ತೀರಾ ಪರಿಚಿತವಾದ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಕಂಪನಿಯದೇ ಆದ ಗುಪ್ತ ಭಾಷೆಯಲ್ಲಿ ಮಾತನಾಡುತ್ತದೆ. ಲಿನಕ್ಸಿಗೆ ಕಂಪನಿ ಕೊಟ್ಟ ಡ್ರೈವರಿನ ಮುಖ್ಯ ಭಾಗ ಬೈನರಿ. ಆಸಕ್ತರು ಪ್ರಿಂಟರಿಗೆ ಹೋಗುವ ಸಂಕೇತಗಳನ್ನು ಕದ್ದು ಕೇಳಿದಂತೆ ಗಮನಿಸಿ, ಬದಲಿ ಮುಕ್ತ ಡ್ರೈವರೊಂದನ್ನು ತಾವೇ ಕಟ್ಟಿದರು. ಎಚ್‌ಪಿ ಲೇಸರ್‌ಜೆಟ್ 1020ರದು ಬೇರೆ ಬಗೆ. ಅದರ ಒಳಗೆ ಫರ್ಮ್‌ವೇರ್ ಉಳಿಯುವುದೇ ಇಲ್ಲ, ಸ್ವಿಚ್ ಹಾಕಿದಾಗಲೆಲ್ಲ ಗಣಕದಿಂದ ತುಂಬಬೇಕು. ಡ್ರೈವರ್ ಮುಕ್ತವಾದರೂ ಆ ತುಣುಕು ಮುಚ್ಚಿದ್ದು.

ಮುಚ್ಚಿದ ಡ್ರೈವರಿನ ಸಾಧನ ಕೆಡುವ ಮೊದಲೇ ಸಾಯುವುದುಂಟು. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರಲ್ಲಿ, ವಿಂಡೋಸ್ 7ರದು 2020ರಲ್ಲಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಕೊನೆಗೊಂಡವು. ಪ್ರತಿ ಸಲವೂ ಹೊಸ ವ್ಯವಸ್ಥೆಗೆ ತಯಾರಕರು ಡ್ರೈವರ್ ಬರೆಯದ ಕಾರಣ, ಗಟ್ಟಿಮುಟ್ಟಾಗಿದ್ದ ಸ್ಕ್ಯಾನರ್, ಪ್ರಿಂಟರುಗಳು ಮೂಲೆ ಸೇರಿದವು. 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಇಂಥ ಕೆಲಸದಲ್ಲಿ ಸಾಧನದ ಬೆಲೆಯಷ್ಟೇ ಅದರ ಡ್ರೈವರಿನ ಆಯುಷ್ಯವೂ ಲೆಕ್ಕಕ್ಕೆ ಬರಬೇಕು.

ನೀತಿಯ ಮಟ್ಟದಲ್ಲಿ ದಾರಿ ಇದೆ. ಕೇಂದ್ರ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನೂ, 2015ರಲ್ಲಿ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿಯನ್ನೂ ಹೊರಡಿಸಿತು. ಟೆಂಡರಿನಲ್ಲಿ ಮುಕ್ತ ತಂತ್ರಾಂಶವನ್ನು ಪರಿಗಣಿಸಬೇಕು, ಬಿಟ್ಟರೆ ಕಾರಣ ಕೊಡಬೇಕು ಎನ್ನುತ್ತದೆ ಎರಡನೆಯದು. ಪೂರ್ತಿ ಮುಕ್ತ ಡ್ರೈವರ್ ಸಿಗದ ಕಡೆ ಕರಾರಿನ ಉಪಾಯವೂ ಉಂಟು: ಆಕರ ಸಂಕೇತದ ಪ್ರತಿಯನ್ನು ಮೂರನೆಯವರ ಬಳಿ ಠೇವಣಿ ಇಡಿಸಿ, ಕಂಪನಿ ಮುಚ್ಚಿದರೆ ಅಥವಾ ಬೆಂಬಲ ನಿಲ್ಲಿಸಿದರೆ ಅದು ಗ್ರಾಹಕರಿಗೆ ಸಿಗುವಂತೆ ಬರೆಸುವುದು. ಬ್ಯಾಂಕುಗಳು ತಮ್ಮ ಮುಖ್ಯ ತಂತ್ರಾಂಶಗಳಿಗೆ ಇದನ್ನು ಬಳಸುತ್ತವೆ.

ಪ್ರಿಂಟರುಗಳ ಮಟ್ಟಿಗೆ ಬದಲಾವಣೆ ಬೇರೆ ಕಡೆಯಿಂದ ಬರುತ್ತಿದೆ. ಮೊಬೈಲ್ ಫೋನಿನಿಂದ ನೇರವಾಗಿ ಮುದ್ರಿಸುವ ಅಗತ್ಯ ಬಂದ ಮೇಲೆ, ಪ್ರತಿ ಮಾದರಿಗೊಂದು ಡ್ರೈವರ್ ಬೇಡದ ಐಪಿಪಿ ಎಂಬ ಸಾರ್ವತ್ರಿಕ ಮುದ್ರಣ ಕ್ರಮ ಬಲಗೊಂಡಿದೆ. ಪ್ರಿಂಟರ್ ಕಂಪನಿಗಳ ಡ್ರೈವರುಗಳನ್ನು ತನ್ನ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು. ಹೊಸ ಪ್ರಿಂಟರ್ ಕೊಳ್ಳುವವರು ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಎಂಬ ಗುರುತಿದೆಯೇ ಎಂದು ನೋಡಬೇಕು. ಆ ಗುರುತಿದ್ದರೆ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಸಾಮಾನ್ಯವಾಗಿ ಕಂಪನಿಯ ಸಿಡಿ ಇಲ್ಲದೆಯೇ ಕಾಗದ ಹೊರಬರುತ್ತದೆ.